ಗೌರಿ ಎಂಬ ತಪ್ಪು ಉತ್ತರ

ಮೈಲುತುತ್ತ ಹಾಕಿ ಕಾಯಿಸಿದ ಮೈದಾ ಅಂಟಿನ ವಾಸನೆ ಈಗ ಯಾರ ಮನೆಯಲ್ಲೂ ಬರುವುದಿಲ್ಲ. ಮೊನ್ನೆ ಗೋಡೆಗೆ ಪೋಸ್ಟರ್ ಅಂಟಿಸುವವನ ಬಕೆಟ್ಟಿನಿಂದ ಆ ಹುಳಿ ವಾಸನೆ ಎದ್ದಾಗ, ಎಂಬತ್ತರ ದಶಕದ ನಮ್ಮ ರಾಜಾಜಿನಗರದ ಮನೆಯ ಜಗಲಿ ಹಾಗೇ ಕಣ್ಣೆದುರು ಬಂತು. ಅಪ್ಪನ ತಂಗಿ ಸರೋಜತ್ತೆ ಅಲ್ಲಿ ಶಿಶುವಿಹಾರ ನಡೆಸುತ್ತಿದ್ದಳು. ಹಳೇ ಕ್ಯಾಲೆಂಡರಿನ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸುವುದು, ಮೊರದಲ್ಲಿ ಮರಳು ಹರಡಿ ಬೆರಳಿನಲ್ಲಿ ಅಕ್ಷರ ತಿದ್ದಿಸುವುದು, ಎಲ್ಲ ಅವಳೇ ಕಟ್ಟಿದ ಪಾಠ. ಬೆಳಿಗ್ಗೆ ಮುನಿಯಮ್ಮ ಹಸು ಹೊಡೆದುಕೊಂಡು ಬಂದು ಗೇಟಿನ ಮುಂದೆ ಹಾಲು ಕರೆಯುವಾಗ ಅದೂ ಪಾಠವಾಗುತ್ತಿತ್ತು. "ಹೆಸರು ಹಿಡಿದು ಮಾತಾಡಿಸ್ರೋ. ನಿಮ್ಮನ್ನ ಯಾರಾದ್ರೂ ಮನುಷ್ಯ ಅಂತ ಕರೀತಾರಾ?" ಎನ್ನುತ್ತಿದ್ದಳು ಅತ್ತೆ. ಮಕ್ಕಳೆಲ್ಲ ಗೌರೀ ಎಂದು ಕೂಗಿದರೆ ಹಸು ಕಿವಿ ಅಲ್ಲಾಡಿಸುತ್ತಿತ್ತು.

ಆಮೇಲೆ ಬಸವೇಶ್ವರನಗರದಲ್ಲಿ ಒಂದು ಕಾನ್ವೆಂಟು ಶುರುವಾಯಿತು. ಮೂಗು ಒರೆಸಿಕೊಳ್ಳಲು ಬಾರದ ಕೂಸುಗಳ ಕತ್ತಿಗೆ ಟೈ ಕಟ್ಟಿದ್ದನ್ನು ನೋಡಿಯೇ ನಮ್ಮ ಬೀದಿಯ ತಾಯಿತಂದೆಯರು ಕರಗಿಹೋದರು. ಜಗಲಿ ಖಾಲಿಯಾಯಿತು. ಅತ್ತೆಗೆ ಬೇಸರವಾಗಿದ್ದಿದ್ದರೆ ನಾನು ಇಂದಿಗೂ ಅವಳಿಗೆ ಕೈ ಮುಗಿಯುತ್ತಿದ್ದೆ. ಅವಳಿಗೆ ಆದದ್ದು ಆಸೆ. ಮೊದಲು ಅಲ್ಲಿ ಟೀಚರಾದಳು, ಬೇಗನೇ ಸಿಲಬಸ್ ಬರೆಯುವವಳಾದಳು. ಅದೇ ಅಂಟು, ಅದೇ ರಟ್ಟು. ಚಿತ್ರದ ಕೆಳಗೆ ಮಾತ್ರ ಇಂಗ್ಲಿಷ್ ಬಂತು. ಹಾಲುಹಲ್ಲಿನ ಮಕ್ಕಳಿಗೆ ಇಂಟರ್‌ವ್ಯೂ ಮಾಡಬೇಕು, ಒಂದು ಚಿತ್ರಕ್ಕೆ ಒಂದೇ ಉತ್ತರವಿರಬೇಕು ಎಂಬ ಮಹಾ ಬುದ್ಧಿಯೂ ಅವಳದೇ.

ನನ್ನ ತಂಗಿ ಪುಟ್ಟಿಯನ್ನು ಅಲ್ಲಿಗೇ ಸೇರಿಸಬೇಕೆಂದು ಅಮ್ಮ ಹಟ ಹಿಡಿದಳು. "ನಾದಿನೀನೇ ಅಲ್ಲಿರೋವಾಗ ಸೀಟಿಗೇನು ಬರ?" ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಇಂಟರ್‌ವ್ಯೂ ದಿನ ನಾನೂ ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಮೇಜಿನ ಆಚೆ ಅತ್ತೆ, ಪಕ್ಕದಲ್ಲಿ ಶಾಲೆಯ ಯಜಮಾನ. ಅತ್ತೆ ಎತ್ತಿ ತೋರಿಸಿದ ಹಸುವಿನ ಚಿತ್ರ ನಮ್ಮ ಅಡುಗೆಮನೆಯ ಕ್ಯಾಲೆಂಡರಿನದೇ.

"ವಾಟ್ ಈಸ್ ದಿಸ್, ಬೇಬಿ?"

ಪುಟ್ಟಿಯ ಮುಖ ಅರಳಿತು. "ಗೌರಿ."

ಅತ್ತೆ ಇನ್ನೊಮ್ಮೆ ಕೇಳಿದಳು.

"ಗೌರಿ ಕಣತ್ತೆ. ನಿಂಗೆ ಗೊತ್ತಿಲ್ವಾ?"

ಯಜಮಾನ ಕಿಸಕ್ಕನೆ ನಕ್ಕ. ಅತ್ತೆ ರಟ್ಟನ್ನು ಬೋರಲು ಮಲಗಿಸಿ "ನೆಕ್ಸ್ಟ್" ಎಂದಳು. ಸೀಟು ಸಿಗಲಿಲ್ಲ.

"ಮಗು ಹೇಳಿದ್ರಲ್ಲಿ ತಪ್ಪೇನಿತ್ತು ಸರೋಜಾ?" ಎಂದು ಅಮ್ಮ ಸಂಜೆ ಕೇಳಿದಳು.

"ಸಿಲಬಸ್ ಪ್ರಕಾರ ತಪ್ಪು ಅತ್ತಿಗೆ. ನಮ್ಮನೆ ಮಗು ಅಂತ ಬಿಟ್ರೆ ನನ್ನ ಮರ್ಯಾದೆ ಏನಾಗತ್ತೆ, ನೀವೇ ಹೇಳಿ."

ಮರ್ಯಾದೆ ಉಳಿಯಿತು, ಬೆಳೆಯಿತು ಕೂಡ. ಎಷ್ಟೋ ಶಾಲೆಗಳಿಗೆ ಅವಳು ಪಾಠ ಬರೆದುಕೊಟ್ಟಳು, ಶಾಲು ಹೊದಿಸಿಕೊಂಡಳು, ಮಕ್ಕಳ ಮನಸ್ಸಿನ ಬಗ್ಗೆ ವೇದಿಕೆಗಳಲ್ಲಿ ಗಂಟಲು ಗದ್ಗದ ಮಾಡಿಕೊಂಡಳು. ನಾನು ಒಂದಕ್ಕೂ ಹೋಗಲಿಲ್ಲ. ಈಗ ಅವಳೂ ಇಲ್ಲ, ಆ ಜಗಲಿಯಿದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ. ನಿಮ್ಮ ಬೀದಿಯಲ್ಲೂ ಅಂಥದೊಂದು ಜಗಲಿ ಇದ್ದಿರಬಹುದು. ನನಗೆ ಅದು ಮುಗಿದುಹೋದದ್ದು ಮನೆ ಕೆಡವಿದಾಗ ಅಲ್ಲ, ಆ ಇಂಟರ್‌ವ್ಯೂ ಆದ ಮರುದಿನ ಬೆಳಿಗ್ಗೆ. ಮುನಿಯಮ್ಮ ಹಸು ತಂದು ನಿಲ್ಲಿಸಿದಳು. ಪುಟ್ಟಿ ಜಗಲಿಯಿಂದ ಇಳಿಯಲಿಲ್ಲ.

"ಯಾಕವ್ವಾ, ಮಾತಾಡ್ಸಲ್ವಾ?" ಎಂದಳು ಮುನಿಯಮ್ಮ.

ಪುಟ್ಟಿ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿ, ತುಂಬ ಸಣ್ಣ ದನಿಯಲ್ಲಿ "ಕೌ" ಎಂದಳು.

ಹಸು ಕಿವಿ ಅಲ್ಲಾಡಿಸಲಿಲ್ಲ.