ಸಾಂಬ್ರಾಣಿ ಹೊಗೆ ಹಾಕಿದ ಪೆದ್ದಮ್ಮ

ಸಾಂಬ್ರಾಣಿ ಹೊಗೆ ಅಂದರೆ ಎಲ್ಲರಿಗೂ ದೇವರ ಕೋಣೆ ನೆನಪಾಗುತ್ತದೆ, ನನಗೆ ಒಬ್ಬಳ ಕೆಮ್ಮು. ಶುಕ್ರವಾರ ಸಂಜೆ ಸೊಸೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಮೂಲೆಮೂಲೆಗೂ ಹೊಗೆ ಹಿಡಿಯುವಾಗ ನಾನು ಏನೋ ಒಂದು ನೆಪ ಹೇಳಿ ಹಿತ್ತಲಿಗೆ ಹೋಗಿಬಿಡುತ್ತೇನೆ. ಹೋದ ತಿಂಗಳು ಒಂದು ಶುಕ್ರವಾರ ಮಂಡಿ ನೋವು ಹೆಚ್ಚಾಗಿ ಏಳಲಾಗಲಿಲ್ಲ. ಎದುರಿಗೆ ಟೀವಿಯಲ್ಲಿ ಅವಳ ಮೆಚ್ಚಿನ ಧಾರಾವಾಹಿ ನಡೆಯುತ್ತಿತ್ತು. ಬ್ರಿಟಿಷರ ಕಾಲದ ಮಹಾಯುದ್ಧ, ಪ್ಯಾರಾಚೂಟಿಗೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ, ಅಲ್ಲಿ ದುಡಿಯುವ ಹೆಂಗಸರ ಕಥೆ. ಸಾಲಾಗಿ ಕೂತ ಚೆಂದದ ಹುಡುಗಿಯರು ಕತ್ತು ಕೊಂಕಿಸಿ ಮಾತಾಡುತ್ತ, ಹಬೆಯಾಡುವ ನೀರಿಗೆ ಕೈ ಅದ್ದಿ ಅದ್ದಿ ತೆಗೆಯುತ್ತಿದ್ದರು. ಉಗುರಿನ ಬಣ್ಣ ಕೂಡ ಮಾಸಿರಲಿಲ್ಲ.

"ಎಷ್ಟು ಚೆನ್ನಾಗಿ ತೆಗ್ದಿದಾರಲ್ವಾ ಅತ್ತೆ? ಆ ಕಾಲಾನೇ ಎದುರಿಗೆ ಬಂದಂಗಿದೆ" ಎಂದಳು ಸೊಸೆ.

ಬಂದೇ ಬಂತು. ಟೀವಿಯ ಹಬೆ, ಮನೆಯ ಹೊಗೆ ಎರಡೂ ಒಟ್ಟಿಗೆ ಮೂಗಿಗೆ ಬಡಿದ ಹಾಗಾಗಿ, ಶಿಡ್ಲಘಟ್ಟದ ನಮ್ಮ ಪಕ್ಕದ ಮನೆಯ ಪೆದ್ದಮ್ಮ ಕೆಮ್ಮಿಕೊಂಡು ಪಕ್ಕದಲ್ಲೇ ಕೂತಂತಾಯಿತು…

ಪೆದ್ದಮ್ಮ ನಮಗೆ ನೆಂಟಳಲ್ಲ. ಒಂದೇ ಗೋಡೆಯ ಆಚೆಯವಳು. ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯಿಂದ ಬಂದವಳು. ಅವರ ಮನೆಯಲ್ಲಿ ತೆಲುಗು ನಡೆಯುತ್ತಿತ್ತು, ಹಾಗಾಗಿ ದೊಡ್ಡಮ್ಮ ಅನ್ನುವ ಬದಲು ಬೀದಿಯ ಮಕ್ಕಳೆಲ್ಲ ಪೆದ್ದಮ್ಮ ಅನ್ನುತ್ತಿದ್ದೆವು. ಹೊಸದಾಗಿ ಮದುವೆಯಾದಾಗ ಆ ಮಹಾಯುದ್ಧದ ಕಾಲದಲ್ಲಿ ಎಲ್ಲೋ ದೊಡ್ಡ ಫ್ಯಾಕ್ಟರಿಯಲ್ಲಿ ಪ್ಯಾರಾಚೂಟಿನ ನೂಲು ತೆಗೆದಿದ್ದಳಂತೆ. ಯುದ್ಧ ಮುಗಿದ ಮೇಲೂ ಕೆಲಸ ಅದೇ. ನಮ್ಮ ಬೀದಿಯ ಕೊನೆಯಲ್ಲಿದ್ದ ಶೆಡ್ಡಿನಲ್ಲಿ ಬೇಸಿನ್ನಿನ ಮುಂದೆ ಕೂತು, ಕುದಿಯುವ ನೀರಿನಲ್ಲಿ ರೇಷ್ಮೆ ಗೂಡು ಬೇಯಿಸಿ ಎಳೆ ಹುಡುಕಬೇಕು. ಒಳಗಿನ ಹುಳು ಬೆಂದು ಸತ್ತು ನೀರು ಕಂದುಬಣ್ಣಕ್ಕೆ ತಿರುಗುತ್ತದೆ. ಆ ನಾತ ಹೇಳುವಂಥದ್ದಲ್ಲ. ಪರ ಊರಿನವರು ನಮ್ಮ ಬೀದಿಗೆ ಕಾಲಿಟ್ಟರೆ ಮೂಗು ಹಿಡಿದುಕೊಳ್ಳುತ್ತಿದ್ದರು. ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಹುಟ್ಟಿದಾಗಿನಿಂದ ಉಸಿರಾಡಿದ್ದು ಅದನ್ನೇ.

ಅವಳ ಬೆರಳುಗಳು ಯಾವಾಗಲೂ ಬೆಳ್ಳಗೆ ಊದಿಕೊಂಡು, ಸಂದುಗಳಲ್ಲಿ ಚರ್ಮ ಸುಲಿದಿರುತ್ತಿತ್ತು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ತಾಗಿ ಕೈ ಒದರುತ್ತಿದ್ದಳು. ಆಮೇಲೆ ಏನೂ ಆಗದವಳ ಹಾಗೆ ಇನ್ನೊಂದು ತುತ್ತು.

ಅವಳಿಗೆ ಒಬ್ಬಳೇ ಮಗಳು. ನಾವಿಬ್ಬರೂ ಒಂದೇ ಕ್ಲಾಸು, ಒಂದೇ ಚಾಪೆ. ಏಳನೇ ಕ್ಲಾಸಿಗೆ ಬಂದ ವರ್ಷ ಪೆದ್ದಮ್ಮನ ಗಂಡ, ಯುಗಾದಿ ಕಳೆದ ಮೇಲೆ ಹುಡುಗಿಯನ್ನು ಶೆಡ್ಡಿಗೆ ಹಾಕುವುದೆಂದು ತೀರ್ಮಾನ ಮಾಡಿದ. ಮೊದಲು ನೂಲು ಸುತ್ತುವ ಚರಕದ ಚಕ್ರ ತಿರುಗಿಸುವುದು, ಕೈ ಪಳಗಿದ ಮೇಲೆ ಬೇಸಿನ್ನು. ಪೆದ್ದಮ್ಮ ನಮ್ಮ ಅಮ್ಮನ ಹತ್ತಿರ ಬಂದು, ಮಗಳ ಅಂಗೈಯನ್ನು ದೀಪದ ಬೆಳಕಿಗೆ ಹಿಡಿದು ತೋರಿಸಿದಳು.

"ಇದರ ಕೈ ನೋಡಕ್ಕಾ. ಇನ್ನೂ ಎಷ್ಟು ಚೆನ್ನಾಗೈತೆ, ಕಾದಾ, ಅಲ್ವಾ?"

ಚಿಕ್ಕಬಳ್ಳಾಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದಿತ್ತು. ದೊಡ್ಡವರು ಯಾರಾದರೂ ಒಂದು ಮಾತು ಹೇಳಿದರೆ ಸೇರಿಸಿಕೊಳ್ಳುತ್ತಾರೆ ಎಂದು ಅಮ್ಮ ಹೇಳಿದಳು. ಆ ದೊಡ್ಡವರನ್ನು ಪೆದ್ದಮ್ಮ ಎಲ್ಲಿಂದ ತರಬೇಕು?

ಅವರೇ ಬಂದರು. ಆಗ ಚೀನಾದವರ ಜೊತೆ ಯುದ್ಧ ನಡೆದಿತ್ತು. ಊರೂರಲ್ಲೂ ರಕ್ಷಣಾ ನಿಧಿಗೆ ಹಣ ಎತ್ತುತ್ತಿದ್ದರು. ನಮ್ಮೂರಿನ ಹೆಂಗಸರ ಸಂಘದವರು ನಾಟಕ ಆಡಬೇಕೆಂದರು. ಹಿಂದಿನ ಯುದ್ಧದಲ್ಲಿ ಫ್ಯಾಕ್ಟರಿಯಲ್ಲಿ ದುಡಿದ ಹೆಂಗಸರ ನಾಟಕ. ಸಂಘದ ಅಧ್ಯಕ್ಷೆ, ವರ್ಗವಾಗಿ ಬಂದಿದ್ದ ಯಾರೋ ಸಾಹೇಬರ ಹೆಂಡತಿ. ಪೆದ್ದಮ್ಮನ ವಿಷಯ ಕೇಳಿ ನಮ್ಮ ಬೀದಿಗೇ ಬಂದರು. ಮೈಮೇಲೆ ರೇಷ್ಮೆ ಸೀರೆ, ಮೂಗಿನ ಮೇಲೆ ಕರ್ಚೀಫು. ನೆನೆಸಿಕೊಂಡರೆ ಈಗಲೂ ಉಗಿಯಬೇಕು ಅನ್ನಿಸುತ್ತದೆ.

"ನೀವು ನಮಗೆ ಎಲ್ಲ ಹೇಳಿಕೊಡಿ. ನಾಟಕದಲ್ಲಿ ನೀವೇ ನಿಜವಾದ ಬೇಸಿನ್ ಮುಂದೆ ಕೂತು ನೂಲು ತೆಗೆದು ತೋರಿಸಬೇಕು. ನಿಮ್ಮ ಹುಡುಗೀನ ಹಾಸ್ಟೆಲಿಗೆ ಸೇರಿಸೋದು ನನ್ನ ಜವಾಬ್ದಾರಿ" ಎಂದರು. ಪೆದ್ದಮ್ಮ ಅಲ್ಲೇ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಪಕ್ಕನೆ ಹಿಂದೆ ಸರಿದರು.

ಅಧ್ಯಕ್ಷೆಯ ಬಂಗಲೆಯ ಜಗಲಿಯಲ್ಲಿ ತಾಲೀಮು. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಕಾಂಪೌಂಡಿನ ಹತ್ತಿರ ನಿಂತು ನೋಡುತ್ತಿದ್ದೆವು. ಸಂಘದವರು ಮೇಲೆ, ಪೆದ್ದಮ್ಮ ಮೆಟ್ಟಿಲ ಕೆಳಗೆ. ಇಡೀ ದಿನ ಬೇಸಿನ್ನಿನ ಮುಂದೆ ಕೂತು ಬಂದವಳು ಮತ್ತೆ ಅಲ್ಲಿ ಕೂತು, ಎಳೆ ಹೇಗೆ ಹಿಡಿಯುವುದು, ಕಡಿದರೆ ಹೇಗೆ ಸೇರಿಸುವುದು ಎಂದು ಬರಿಗೈಯಲ್ಲಿ ತೋರಿಸುತ್ತಿದ್ದಳು. ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂದರೆ ಅವಳಿಗೆ ಹಿಡಿ ಮುರಿದ ಒಂದು ಕಪ್ಪು. ಕುಡಿದಾದ ಮೇಲೆ ಅದನ್ನು ಅವಳೇ ತೊಳೆದು ಬೇಲಿಯ ಸಂದಿಯಲ್ಲಿ ಬೋರಲು ಹಾಕಿ ಬರಬೇಕು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಮಗಳ ಹಾಸ್ಟೆಲ್ ಮುಂದೆ ಕಪ್ಪು ಯಾವ ಲೆಕ್ಕ.

ನಾಟಕದ ಹಿಂದಿನ ದಿನ ನಿಜವಾದ ಒಲೆ ಹಚ್ಚಿದರು. ಪೆದ್ದಮ್ಮ ಹುಣಸೆಹಣ್ಣು ಹಾಕಿ ಕೈ ತಿಕ್ಕಿಕೊಂಡು, ನಮ್ಮ ಅಮ್ಮನ ಸೀರೆ ಉಟ್ಟು ಬಂದಿದ್ದಳು. ನೀರು ಕುದಿಯಿತು, ಗೂಡು ಸುರಿದಳು. ನಾತ ಏಳುತ್ತಿದ್ದ ಹಾಗೆ ಸಂಘದ ಒಬ್ಬಾಕೆ ಓಡಿಹೋಗಿ ಕಣಗಿಲೆ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡರು.

"ಥೂ ಥೂ, ಏನ್ರೀ ಇದು! ಮುಂದಿನ ಸಾಲಲ್ಲಿ ಗೆಸ್ಟು ಕೂತಿರ್ತಾರೆ. ಎತ್ತಿ ಎಸೀರಿ ಮೊದಲು!" ಎಂದು ಅಧ್ಯಕ್ಷೆ ಕೂಗಿದರು.

ಐದು ನಿಮಿಷದಲ್ಲಿ ನಾಟಕ ಬದಲಾಯಿತು. ಬೇಸಿನ್ನಿಗೆ ತಣ್ಣೀರು. ಗೂಡಿನ ಬದಲು ಹತ್ತಿ ಉಂಡೆ. ಹಬೆ ಬೇಕಲ್ಲ, ಅದಕ್ಕೆ ಸಾಂಬ್ರಾಣಿ. ಪೆದ್ದಮ್ಮನ ಜಾಗಕ್ಕೆ ಅಧ್ಯಕ್ಷೆಯೇ ಕೂರುವುದು. ಬಿಳಿ ಬಟ್ಟೆ ಇಳಿಬಿಟ್ಟ ಬೆಂಚಿನ ಹಿಂದೆ ಕೂತು ಹೊಗೆ ಹಾಕಲು ಒಬ್ಬರು ಬೇಕಾಗಿತ್ತು.

"ನಾನು ಮ್ಯಾಲೆ ಕೂತ್ಕೊಳ್ಳೋದಿಲ್ವಾಮ್ಮಾ?" ಎಂದಳು ಪೆದ್ದಮ್ಮ.

"ನೀವೂ ಸ್ಟೇಜಲ್ಲೇ ಇರ್ತೀರಲ್ಲಮ್ಮ."

"ಹುಡುಗಿ ವಿಷ್ಯ…"

"ಅದು ಆಯ್ತು ಅಂದ್ಕೊಳ್ಳಿ."

ಮಾರನೆಯ ದಿನ ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾವಿಬ್ಬರೂ ಎಲ್ಲರಿಗಿಂತ ಮುಂದೆ ನೆಲದ ಮೇಲೆ ಕೂತಿದ್ದೆವು. ಪರದೆ ಎದ್ದಾಗ ಅಧ್ಯಕ್ಷೆ ತಲೆತುಂಬ ಮಲ್ಲಿಗೆ ಮುಡಿದು, ತಣ್ಣೀರಿಗೆ ಕೈ ಅದ್ದುತ್ತ, ದೇಶಕ್ಕಾಗಿ ಬೇಯುತ್ತಿದ್ದೇನೆ ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. ಹಿಂದಿನಿಂದ ಬೆಳ್ಳಗೆ ಹೊಗೆ ಏಳುತ್ತಿತ್ತು. ಜನ ಆಹಾ ಎಂದರು. ಅಷ್ಟರಲ್ಲಿ ಬೆಂಚಿನ ಹಿಂದೆ ಕೆಮ್ಮು. ಪೆದ್ದಮ್ಮನಿಗೆ ಆಗಲೇ ದಮ್ಮಿತ್ತು. ಒಂದು ಸಲ ಕೆಮ್ಮಿದಳು, ಇನ್ನೊಂದು ಸಲ ಕೆಮ್ಮಿದಳು. ಅಧ್ಯಕ್ಷೆ ಮಾತು ನಿಲ್ಲಿಸದೆ, ನಗು ಕೆಡಿಸದೆ, ಹಿಮ್ಮಡಿಯಿಂದ ಆ ಬಿಳಿ ಬಟ್ಟೆಯನ್ನು ಒದ್ದರು. ಮುಂದೆ ಕೂತ ನಮಗೆ ಚೆನ್ನಾಗಿ ಕಂಡಿತು. ಆಮೇಲೆ ಕೆಮ್ಮು ಕೇಳಿಸಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡಿದ್ದಳಂತೆ. ಹೊಗೆ ಮಾತ್ರ ಬರುತ್ತಲೇ ಇತ್ತು. ಕೊನೆಗೆ ಬಂದಿದ್ದ ಗೆಸ್ಟು ಅಧ್ಯಕ್ಷೆಯ ಕೊರಳಿಗೆ ಹಾರ ಹಾಕಿ, ದುಡಿಯುವ ಹೆಣ್ಣಿನ ಕಷ್ಟವನ್ನು ಕಣ್ಣಿಗೆ ಕಟ್ಟಿಕೊಟ್ಟಿರಿ ಎಂದರು. ನನ್ನ ಪಕ್ಕದಲ್ಲಿದ್ದವಳು ಚಪ್ಪಾಳೆ ತಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಪೆದ್ದಮ್ಮ ಮಗಳಿಗೆ ಎಣ್ಣೆ ನೀರು ಹಾಕಿದಳು. ಉಳಿದಿದ್ದ ಸಾಂಬ್ರಾಣಿಯನ್ನು ಕೇಳಿ ತಂದಿದ್ದಳು. ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂದಲು ಹರವಿ ಒಣಗಿಸಿ, ಹೊಗೆ ಹಿಡಿದಳು. ನಮ್ಮ ಅಮ್ಮ ಎರಡು ಜಡೆ ಹಾಕಿ ನನ್ನ ರಿಬ್ಬನ್ ಕಟ್ಟಿದಳು. ಜೊತೆಗೆ ನಾನೂ ಹೋದೆ. ಅಧ್ಯಕ್ಷೆ ಜಗಲಿಯಲ್ಲೇ ಇದ್ದರು. ಹಾರ ಇನ್ನೂ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು.

ಹಾಸ್ಟೆಲ್ ಎಂದ ಕೂಡಲೇ ಅವರು ಹುಡುಗಿಯನ್ನು ಹತ್ತಿರ ಕರೆದರು. ನಾನು ತಲೆ ಸವರುತ್ತಾರೆ ಅಂದುಕೊಂಡೆ. ಅವರು ಒಂದು ಜಡೆಯನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದರು. ಸಂತೆಯಲ್ಲಿ ಮೀನು ಮೂಸುವ ಹಾಗೆ ಮೂಸಿ, ಮುಖ ಹಿಂಡಿ, ಜಡೆ ಬಿಟ್ಟುಬಿಟ್ಟರು.

"ಸಾಂಬ್ರಾಣಿ ಹಾಕಿದ್ರೂ ಹೋಗಿಲ್ಲ ನೋಡಿ. ಅಲ್ಲಿ ಒಳ್ಳೇ ಮನೆ ಮಕ್ಕಳಿರ್ತಾರಮ್ಮ, ಒಂದೇ ರೂಮಲ್ಲಿ ಮಲಗಬೇಕು. ನಾನು ಯಾವ ಮುಖ ಇಟ್ಕೊಂಡು ಹೇಳಲಿ?"

ನನ್ನ ಸೊಸೆಯ ಧಾರಾವಾಹಿಯಾಗಿದ್ದರೆ ಇಲ್ಲಿ ಪೆದ್ದಮ್ಮ ತಲೆಯೆತ್ತಿ ನಾಲ್ಕು ಮಾತು ಆಡುತ್ತಿದ್ದಳು, ಹಿಂದೆ ಸಂಗೀತ ಬರುತ್ತಿತ್ತು. ನಮ್ಮ ಪೆದ್ದಮ್ಮ ಕೈ ಮುಗಿದು, "ಬರ್ತೀನಮ್ಮ" ಎಂದು ಮೆಟ್ಟಿಲಿಳಿದಳು. ಆ ಕೈ ಮುಗಿದದ್ದನ್ನು ಮಾತ್ರ ನಾನು ಇಷ್ಟು ವರ್ಷವಾದರೂ ನುಂಗಲಾರೆ.

ಬೀದಿಯ ಬಾವಿಯ ಹತ್ತಿರ ಬಂದ ಮೇಲೆ ಮಗಳನ್ನು ಕಲ್ಲಿನ ಮೇಲೆ ಕೂರಿಸಿ, ಜಡೆ ಬಿಚ್ಚಿ, ಕೊಡಗಟ್ಟಲೆ ನೀರು ಸೇದಿ ತಲೆಯ ಮೇಲೆ ಸುರಿದಳು. "ಹೋಗ್ಲಿ, ಹೋಗ್ಲಿ" ಎಂದು ಉಜ್ಜುತ್ತಿದ್ದಳು. ಯಾವ ವಾಸನೆ ಹೋಗಲಿ ಎಂದಳೋ ನನಗೆ ಗೊತ್ತಿಲ್ಲ. ಹುಡುಗಿ ಚಳಿಗೆ ನಡುಗುತ್ತ ಅಳುತ್ತಿತ್ತು…

ಯುಗಾದಿ ಕಳೆಯಿತು, ಅವಳು ಚಕ್ರ ತಿರುಗಿಸಲು ಹೋದಳು. ಮುಂದೆ ನಾನು ಅದೇ ಹಾಸ್ಟೆಲಿಗೆ ಸೇರಿದೆ. ನಮ್ಮಪ್ಪ ಮೇಷ್ಟ್ರು, ಯಾರೂ ಏನೂ ಕೇಳಲಿಲ್ಲ. ಅದೇ ಬೀದಿಯ ಗಾಳಿ ನನ್ನ ಜಡೆಯಲ್ಲೂ ಇತ್ತು, ಅದನ್ನು ಎತ್ತಿ ಮೂಸಿದವರಿಲ್ಲ. ನಾನು ಟೀಚರ್ ಟ್ರೈನಿಂಗಿನಲ್ಲಿದ್ದಾಗ ಪೆದ್ದಮ್ಮ ದಮ್ಮು ಹೆಚ್ಚಾಗಿ ತೀರಿಕೊಂಡಳು. ಸುದ್ದಿ ತಿಳಿದು ಊರಿಗೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು.

ಮೊನ್ನೆ ಶುಕ್ರವಾರ ಅವಳ ಮಗಳು ಶಿಡ್ಲಘಟ್ಟದ ಬಸ್ಸಿಳಿದು, ಮೊಮ್ಮಗಳ ಮದುವೆ ಪತ್ರಿಕೆ ಕೊಡಲು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಿದ್ದಳು. ಸೋಫಾ ಇದ್ದರೂ ನೆಲದ ಮೇಲೆಯೇ ಕೂತಳು. ಟೀವಿಯಲ್ಲಿ ಅದೇ ಫ್ಯಾಕ್ಟರಿ, ಅದೇ ಹುಡುಗಿಯರು. ಸೊಸೆ ಸಾಂಬ್ರಾಣಿ ತಟ್ಟೆ ಹಿಡಿದು ಬಂದಳು. ನಾನು ಮೂಗಿಗೆ ಸೆರಗು ಹಿಡಿದೆ. ನೋಡಿದರೆ ಅವಳೂ ಹಿಡಿದಿದ್ದಳು.

ಸ್ವಲ್ಪ ಹೊತ್ತು ಟೀವಿ ನೋಡಿ, "ತಣ್ಣೀರು ಕಣೇ ಅದು" ಎಂದಳು.

"ನಿಮಗೆ ಹೇಗೆ ಗೊತ್ತಾಯ್ತು?" ಎಂದು ಸೊಸೆ ಕೇಳಿದಾಗ ತನ್ನ ಬಲಗೈ ಚಾಚಿ ತೋರಿಸಿದಳು. ಬೆಳ್ಳಗೆ, ಸುಕ್ಕಾಗಿ, ಬೆರಳ ತುದಿ ನುಣ್ಣಗಾಗಿ… ಪೆದ್ದಮ್ಮನದೇ ಕೈ. ಸೊಸೆ ಒಂದು ಕ್ಷಣ ನೋಡಿ, ತಟ್ಟೆಯನ್ನು ಹಿತ್ತಲಿಗೆ ಒಯ್ದಳು.

"ನಮ್ಮಮ್ಮ ಸಾಯೋಗಂಟ ಕೇಳ್ತಿದ್ಲು, ಆ ನಾಟಕ ಹೆಂಗಿತ್ತೇ ಅಂತ" ಎಂದಳು ನನ್ನ ಗೆಳತಿ. "ಬೆಂಚಿನ ಹಿಂದೆ ಇದ್ಲಲ್ಲ, ಅವಳಿಗೆ ಏನೂ ಕಾಣಿಸ್ಲಿಲ್ಲ."

"ನೀನೇನಂದೆ?"

"ಬಲು ಚೆನ್ನಾಗಿತ್ತು ಅಂದೆ."

ನಾನು ಟೀವಿ ಆರಿಸಿದೆ.