ನೀಲಕಂಠನ ನಾಲ್ಕು ಸೈಕಲ್

ಬನಹಟ್ಟಿಯ ನೀಲಕಂಠನಿಗೆ ಹೆಂಡತಿ ಒಬ್ಬಳೇ, ಸೈಕಲ್ ಮಾತ್ರ ನಾಲ್ಕು; ಶಿವವ್ವನ ಸಿಟ್ಟೆಲ್ಲ ಅದಕ್ಕೇ. ಮಗ್ಗದ ಕೋಣೆಯ ಗೋಡೆಗೆ ಅವನ್ನು ಸಾಲಾಗಿ ತೂಗುಹಾಕಿದ್ದಾನೆ: ಚಿಮ್ಮಡಕ್ಕೆ ಹೋಗಲು ಕರಿಯದು, ಜಮಖಂಡಿಗೆ ಗೇರಿನದು, ಏರುದಾರಿಗೆ ಒಂದು, ಇಳಿಜಾರಿಗೆ ಇನ್ನೊಂದು. "ಇಳಿಜಾರಿಗೂ ಬ್ಯಾರೆ ಅಂದ್ರ, ಏರಿದ್ದನ್ನ ಗುಡ್ಡದ ಮ್ಯಾಲ ಬಿಟ್ಟು ಬರ್ತೀರೇನ್ರಿ?" ಎಂದು ಅವಳು ಉರಿದುಬೀಳುತ್ತಾಳೆ. ಒಂದಕ್ಕೂ ಗಂಟೆಯಿಲ್ಲ; ಕೇಳಿದರೆ "ಮಂದಿಗ್ಯಾಕ ತ್ರಾಸ?" ಅನ್ನುತ್ತಾನೆ. ಮೂವತ್ತು ವರ್ಷದ ಪವರ್‌ಲೂಮಿನ ಖಟಖಟ ಅವನ ಕಿವಿಯನ್ನೇ ತಿಂದಿದೆ. ಕಬ್ಬಿನ ಟ್ರ್ಯಾಕ್ಟರ್ ಬೆನ್ನಿಗೇ ಬಂದು ಹಾರ್ನ್ ಹೊಡೆದರೂ ಕೇಳದು. ದವಾಖಾನೆಗೆ ಹೋಗೋಣವೆಂದರೆ, "ನನಗೇನಾಗೇತಿ? ನೀನ ಹಗೂರಕ ಮಾತಾಡ್ತಿ" ಎಂದು ಅವಳ ಮೇಲೇ ಹಾಕುತ್ತಾನೆ. ಅಂಥವನು ದಿನಾ ಬೆಳಿಗ್ಗೆ ಪೆಡಲ್ ತಿರುಗಿಸುತ್ತ ಅವಳನ್ನೇ ಕರೆಯುತ್ತಾನೆ: "ಏ ಶಿವವ್ವಾ, ಚೈನ್ ಸಪ್ಪಳ ಮಾಡಾಕತ್ತೈತೇನು, ಕೇಳು." ಸಪ್ಪಳ ಮಾಡುವ ಸೈಕಲ್ಲನ್ನು ಅವನು ಹತ್ತುವುದಿಲ್ಲ. ಕಬ್ಬು ಸಾಗಿಸುವ ಹಂಗಾಮು ಶುರುವಾದಾಗಿನಿಂದ ಶಿವವ್ವ, ಬೆಣ್ಣೆಯಂತೆ ತಿರುಗುವ ಚೈನಿಗೆ ಕಿವಿಗೊಟ್ಟು, "ಕಿರ್ರ್ ಅನ್ನಾಕತ್ತಾವ್ರಿ, ನಾಕೂ!" ಎಂದು ಒದರುತ್ತಾಳೆ. ನೀಲಕಂಠ ಎಣ್ಣೆಯ ಡಬ್ಬಿ ಹಿಡಿದು ಕೂಡುತ್ತಾನೆ.