ನೀರಿನಡಿಯ ಕಣ

ದೇವರು ಕಾಪಾಡಿದ ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಪಾಡಿದ್ದು ಅಜ್ಜಿ. ಸಾಕ್ಷಿ ಬೇಕೆಂದರೆ ನಾನೇ ಇದ್ದೇನೆ, ಆ ದೋಣಿಯಲ್ಲೇ ಕೂತಿದ್ದೆ.

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಂತ ಮೂರನೆಯ ಬೇಸಿಗೆ. ನಾನು ಸಾಗರದ ಹೈಸ್ಕೂಲಿನಲ್ಲಿ ಕೊನೆಯ ವರ್ಷ ಮುಗಿಸಿ, ಚರ್ಚಾಸ್ಪರ್ಧೆಯ ಎರಡು ಬಹುಮಾನಗಳನ್ನೂ ಅದಕ್ಕೆ ತಕ್ಕ ಜಂಬವನ್ನೂ ಹೊತ್ತು ಮನೆಗೆ ಬಂದಿದ್ದೆ. ಬಾಣಂತನ ಮುಗಿಸಿದ ಅಕ್ಕನನ್ನು ಗಂಡನ ಮನೆಗೆ ಬಿಡಬೇಕಿತ್ತು. ಮೊದಲು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ದಾರಿ ಹಿನ್ನೀರಿನಡಿ ಸೇರಿತ್ತು. ಈಗ ದೋಣಿಯೇ ಗತಿ. ಹೊರಟವರು ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ಅಕ್ಕ, ಅವಳ ಮೂರು ತಿಂಗಳ ಮಗು ಮತ್ತು ನಾನು. ದೋಣಿಯವನೊಬ್ಬನ ಹೊರತು ಯಾರಿಗೂ ಈಜು ಬಾರದು.

ಹೊರಟಾಗ ಎಲ್ಲರಿಗೂ ಖುಷಿಯೇ. ಅಜ್ಜಿ ಮಾತ್ರ ನೀರನ್ನೇ ನೋಡುತ್ತಿದ್ದಳು. ಅವಳ ತವರೂರು ಅದರಡಿ ಇತ್ತು. "ಅಗಾ, ಅಲ್ಲೇ ಗದ್ದೆ ಬಯಲು. ಮದ್ವೆ ಆಗೋ ತನಕ ನಾನು ನಟ್ಟಿ ಮಾಡಿದ್ದು ಅಲ್ಲಿ" ಎಂದು ಬೆರಳು ತೋರಿಸಿದಳು.

"ಎಲ್ಲಾ ಕಡೆ ಒಂದೇ ನೀರಜ್ಜಿ. ಅಲ್ಲೇ ಅಂತ ಹ್ಯಾಂಗೆ ಹೇಳ್ತೀಯ?"

"ನಿನ್ನ ಹತ್ರ ಮಾತಾಡಿ ಗೆಲ್ಲಕ್ಕೆ ಆಗ್ತದಾ, ಲಾಯರಮ್ಮ?"

ಅಷ್ಟರಲ್ಲಿ ದೋಣಿ ಯಾವುದಕ್ಕೋ ಬಡಿಯಿತು. ಬೇಸಿಗೆಯಲ್ಲಿ ನೀರು ಇಳಿದು, ಕಡಿದ ಮರಗಳ ಬೊಡ್ಡೆಗಳು ನೀರಿನ ಮಟ್ಟಕ್ಕಿಂತ ಗೇಣುದ್ದ ಕೆಳಗೆ ನಿಂತಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಅಡಿಹಲಗೆ ಸೀಳಿತು. ಅಪ್ಪ ಬುತ್ತಿಯ ಪಾತ್ರೆ ಖಾಲಿ ಮಾಡಿ ನೀರು ಎತ್ತಿ ಚೆಲ್ಲತೊಡಗಿದ. ಚೆಲ್ಲಿದ್ದಕ್ಕಿಂತ ಒಳಗೆ ಬರುವುದೇ ಹೆಚ್ಚು. ಅಕ್ಕ ಮಗುವನ್ನು ಹೆಗಲಿಗೇರಿಸಿಕೊಂಡಳು.

ದೋಣಿಯವನು ದಡದ ಕಡೆ ತಿರುಗಿಸಿದ. ಅಜ್ಜಿ ತಡೆದಳು.

"ದಡಕ್ಕೆ ಬ್ಯಾಡ, ಬಲಕ್ಕೆ ತಿರುಗ್ಸು. ಆ ಒಣಗಿದ ಮತ್ತಿ ಮರ, ಹಿಂದಿನ ಗುಡ್ಡದ ನೆತ್ತಿ, ಎರಡೂ ಒಂದೇ ಸಾಲಿಗೆ ಬರೋ ಕಡೆ ನಮ್ಮಪ್ಪ ಭತ್ತ ಬಡೀತಿದ್ದ ಕಣ. ಎತ್ತರದ ಜಾಗ. ನಿಂತ್ರೆ ಸೊಂಟದ ಮಟ್ಟ ಬಂದೀತು."

ನಾನು ಬಿಡಲಿಲ್ಲ. "ದಡ ಕಣ್ಣಿಗೆ ಕಾಣ್ತದೆ. ಕಣ ಕಾಣ್ತದಾ?"

"ಕಾಣೋ ದಡ ಅರ್ಧ ಮೈಲಿ. ಕಾಣದ ಕಣ ಇಪ್ಪತ್ತು ಮಾರು."

"ಮಾತು ಸಾಕು, ನೀರು ಎತ್ತೇ!" ಅಪ್ಪ ಗದರಿದ.

ದೋಣಿಯವನು ಹುಟ್ಟು ಹಿಡಿದುಕೊಂಡೇ ನನ್ನ ಮುಖ, ಅಜ್ಜಿಯ ಮುಖ ನೋಡಿದ. ಘಟ್ಟದ ಕೆಳಗಿನವನು, ಅವನಿಗೆ ನೀರು ಗೊತ್ತು, ನೀರಿನಡಿಯ ನೆಲ ಗೊತ್ತಿಲ್ಲ. ಆಗ ಅಕ್ಕ ಹೇಳಿದಳು. "ಅಜ್ಜಿ ಹೇಳಿದ ಕಡೆಗೇ ಬಿಡಿ ಮಾರಾಯ್ರೆ. ಮಗು ಇರೋದು ನನ್ನ ಕೈಲಿ."

ದೋಣಿಯವನು ಬಲಕ್ಕೆ ತಿರುಗಿಸಿದ. ನಾನು ಬೊಗಸೆಯಲ್ಲಿ ನೀರು ಎತ್ತಿ ಚೆಲ್ಲತೊಡಗಿದೆ.

ಮರವೂ ಗುಡ್ಡವೂ ಒಂದರ ಹಿಂದೊಂದು ಬಂದಾಗ ದೋಣಿಯ ಅಂಚು ನೀರಿನಿಂದ ನಾಲ್ಕೇ ಬೆರಳು ಮೇಲಿತ್ತು. ಅಜ್ಜಿ ಸೀರೆ ಎತ್ತಿ ಕಟ್ಟಿ, ಅಂಚು ಹಿಡಿದು ಕಾಲು ಇಳಿಬಿಟ್ಟಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ನಿಂತಿದ್ದಳು, ನೀರು ಎದೆಯ ಮಟ್ಟಕ್ಕೆ.

"ಸೊಂಟ ಅಂದಿದ್ದೆ. ನಾನೇ ಕುಗ್ಗಿದೀನಿ" ಎಂದು ಮಗುವಿಗೆ ಕೈಚಾಚಿದಳು.

ಒಬ್ಬೊಬ್ಬರಾಗಿ ಇಳಿದೆವು. ಕೆಸರಿನಡಿ ಗಟ್ಟಿ ನೆಲ. ಕಣದ ಅಂಚಿಗೆ ಜೋಡಿಸಿದ್ದ ಕಲ್ಲುಗಳು ನನ್ನ ಪಾದಕ್ಕೇ ಸಿಕ್ಕವು. ಅಪ್ಪನೂ ದೋಣಿಯವನೂ ದೋಣಿಯನ್ನು ಓರೆ ಮಾಡಿ ನೀರು ಸುರಿದು, ಅಜ್ಜಿಯ ಸೆರಗು ಹರಿದು ಸೀಳಿಗೆ ತುರುಕಿದರು. ಅಕ್ಕ, ಅಜ್ಜಿ, ನಾನು ಮಗುವನ್ನು ಕೈಯಿಂದ ಕೈಗೆ ಬದಲಿಸುತ್ತ ನಿಂತೆವು. ಅದು ನಿದ್ದೆ ಮಾಡುತ್ತಿತ್ತು.

ಮತ್ತೆ ದೋಣಿಯೇರಿ ಆಚೆ ದಡ ಮುಟ್ಟಿದ ಮೇಲೆ ಕೇಳಿದೆ. "ಅಜ್ಜಿ, ಕಣ ತಪ್ಪಿದ್ದಿದ್ರೆ?"

"ಪಕ್ಕದಲ್ಲೇ ಬಾವಿ ಇತ್ತು."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಾವಿ ಪಕ್ಷ ಹಿಡ್ಕಂಡು ವಾದ ಮಾಡ್ತಿದ್ದೆ. ದೋಣಿ ಕಾಯ್ತಿತ್ತಾ?"

ಅವಳಿಗೂ ಅಂಜಿಕೆ ಇತ್ತೆಂದು ಆಗ ತಿಳಿಯಿತು. ಅದನ್ನು ತನ್ನಲ್ಲೇ ಇಟ್ಟುಕೊಂಡು, ನಮಗೆ ಕಾಲೂರುವ ಜಾಗವನ್ನಷ್ಟೇ ಕೊಟ್ಟಿದ್ದಳು. ಯಾರದೇ ಉಪಕಾರವನ್ನು ನಾನು ಸುಲಭಕ್ಕೆ ಒಪ್ಪುವವಳಲ್ಲ, ಇದನ್ನು ಒಪ್ಪಿದ್ದೇನೆ. ಅಕ್ಕನ ಅತ್ತೆ ದಡಕ್ಕೆ ಓಡಿಬಂದು ಮಗುವನ್ನು ಎತ್ತಿಕೊಂಡು, "ಎಷ್ಟು ಬೆಚ್ಚಗಿದಾಳೆ ನೋಡಿ" ಎನ್ನುತ್ತಿದ್ದಾಗ ನಾನು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವಳ ಕಾಲ್ಬೆರಳ ಸಂದಿಯ ಕೆಸರನ್ನು ತೊಳೆದೆ.